ಅಮ್ಮನ ಬಾಯಿಗೆ ಹೋದದ್ದೆಲ್ಲ

ಜನವರಿ 12

ಅಮ್ಮಾ,

ಈ ಕಾಗದ ಒಡೆಯದೆ ನಿನ್ನ ಕೈ ಸೇರಿತೋ ಇಲ್ಲವೋ, ಮೊದಲು ಅದನ್ನು ತಿಳಿಸು. ಲಕೋಟೆಯ ಅಂಚಿಗೆ ನಮ್ಮ ಹಲ್ಲು ಕಟ್ಟುವ ಲ್ಯಾಬಿನ ಕೆಂಪು ಮೇಣ ಬಳಿದಿದ್ದೇನೆ. ಯಾರಾದರೂ ಬಿಚ್ಚಿ ಅಂಟಿಸಿದ್ದರೆ ಗೊತ್ತಾಗುತ್ತದೆ.

ಮೂರು ಭಾನುವಾರದಿಂದ ಫೋನ್ ಮಾಡುತ್ತಿದ್ದೇನೆ. ಮೂರು ಸಲವೂ ಎತ್ತಿದ್ದು ಅತ್ತಿಗೆ. ಒಮ್ಮೆ "ಅತ್ತೆ ಮಲಗಿದ್ದಾರೆ." ಒಮ್ಮೆ "ಸ್ನಾನಕ್ಕೆ ಹೋಗಿದ್ದಾರೆ." ಮೊನ್ನೆಯಂತೂ "ಆಮೇಲೆ ಅವರೇ ಮಾಡ್ತಾರಂತೆ." ಅವರು ಹಾಗೆ ಹೇಳುತ್ತಿರುವಾಗಲೇ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವಳಿಗೆ ಸ್ವಂತ ಮಗಳ ಹತ್ತಿರ ಎರಡು ಮಾತಾಡಲು ಲೈನ್ ಸಿಗುವುದಿಲ್ಲವೇ?

ನಿನ್ನ ರಕ್ತ ಮತ್ತೆ ಇಳಿದಿದೆ ಎಂದು ಅಣ್ಣ ಹೇಳಿದ. ಹಿಮೋಗ್ಲೋಬಿನ್ ಎಂಟಂತೆ. ನಾಲ್ಕು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿರುವವಳಿಗೆ ಎಂಟು ಹೇಗಾಗುತ್ತದೆ? ಮಾತ್ರೆ ನಿನ್ನ ಹೊಟ್ಟೆಗೆ ಹೋಗುತ್ತಿಲ್ಲ, ಇಲ್ಲವೇ ಊಟ ಹೋಗುತ್ತಿಲ್ಲ. ಅಣ್ಣ ಸರ್ವೆ ಕೆಲಸ ಅಂತ ತಿಂಗಳಿಗೆ ಇಪ್ಪತ್ತು ದಿನ ಹೊರಗೇ ಇರುತ್ತಾನೆ, ಅವನನ್ನು ಕೇಳಿ ಪ್ರಯೋಜನವಿಲ್ಲ. ನೀನು ನಿಜ ಬರೆ. ತಟ್ಟೆಗೆ ಏನು ಬೀಳುತ್ತದೆ, ಎಷ್ಟು ಬೀಳುತ್ತದೆ, ಯಾರು ಬಡಿಸುತ್ತಾರೆ.

ನಾನು ಕಟ್ಟಿದ ಹಲ್ಲು ಹೇಗಿದೆ? ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಅದರ ಫೋಟೊ ತೋರಿಸುತ್ತೇನೆ. ಆರು ವರ್ಷವಾದರೂ ಅಷ್ಟು ಒಳ್ಳೆಯ ಸೆಟ್ ನನ್ನ ಕೈಯಿಂದ ಮತ್ತೆ ಬಂದಿಲ್ಲ.

ನಿನ್ನ ಮಗಳು


ಜನವರಿ 24

ನನ್ನ ಪತ್ತೇದಾರಿಗೆ ಆಶೀರ್ವಾದ.

ಮೇಣ ಒಡೆದಿರಲಿಲ್ಲ. ಅದನ್ನು ಒಡೆಯಲು ನಾನೇ ಚಾಕು ಹುಡುಕಬೇಕಾಯಿತು. ಹುಟ್ಟುಗುಣ ಎಲ್ಲಿ ಹೋಗುತ್ತದೆ! ಏಳು ವರ್ಷದವಳಿದ್ದಾಗ ಸಕ್ಕರೆ ಡಬ್ಬಿಯ ಸುತ್ತ ಹಿಟ್ಟು ಚೆಲ್ಲಿ, ಹೆಜ್ಜೆಗುರುತು ನೋಡಿ ಅಣ್ಣನನ್ನು ಹಿಡಿದುಕೊಟ್ಟು ಈ ಹೆಸರು ಸಂಪಾದಿಸಿದವಳು ನೀನು. ಅವನು ಅರ್ಧ ದಿನ ಮೂಲೆಯಲ್ಲಿ ನಿಂತಿದ್ದ. ಅವತ್ತು ಸಕ್ಕರೆ ತಿಂದದ್ದು ನಾನು. ಪಾಪ, ಅವನು ನೀರು ಕುಡಿಯಲು ಬಂದಿದ್ದ. ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಫೋನು ನನಗೆ ಬೇಡ ಮಗಳೇ. ಮೂವತ್ತೊಂದು ವರ್ಷ ಕಿವಿಗೆ ಕಟ್ಟಿಕೊಂಡದ್ದು ಸಾಕು. ಕಾಗದವಾದರೆ ದಿಂಬಿನ ಕೆಳಗಿಟ್ಟು ಹತ್ತು ಸಲ ಓದಬಹುದು. ಊಟ ರೂಮಿಗೇ ಬರುತ್ತದೆ. ನಾನೇ ಹಾಗೆ ಕೇಳಿಕೊಂಡೆ. ನನ್ನದು ನಿಧಾನ, ಅವರದು ಓಟ.

ಡಾಕ್ಟರು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಮೇಲಿನಿಂದಲೂ ಆಯಿತು, ಕೆಳಗಿನಿಂದಲೂ ಆಯಿತು. ಎಲ್ಲೂ ರಕ್ತ ಸೋರುತ್ತಿಲ್ಲವಂತೆ. "ಅಜ್ಜಿ, ನಿಮ್ಮ ರಕ್ತ ಎಲ್ಲಿಗೆ ಹೋಗ್ತಿದೆ, ನೀವೇ ಹೇಳಿ" ಅಂತ ನನ್ನನ್ನೇ ಕೇಳಿದರು. "ಸೊಳ್ಳೆಗಳನ್ನ ಕೇಳಿ" ಅಂದೆ. ಅವರಿಗೆ ನಗು ಬರಲಿಲ್ಲ.

ಹಲ್ಲಿಗೇನು, ಕಲ್ಲು ಕೊಟ್ಟರೂ ಅಗಿಯುತ್ತೇನೆ. ಮುಂದಿನ ಎರಡು ಹಲ್ಲಿನ ನಡುವೆ ನನ್ನ ಹಳೆಯ ಸಂದನ್ನೂ ಮರೆಯದೆ ಬಿಟ್ಟಿದ್ದೀಯಲ್ಲ, ಕನ್ನಡಿ ನೋಡಿದಾಗಲೆಲ್ಲ ನಿನ್ನದೇ ನೆನಪು.

ನಿನ್ನ ಅಮ್ಮ


ಫೆಬ್ರವರಿ 9

ಅತ್ತಿಗೆ,

ನೇರವಾಗಿ ಬರೆಯುತ್ತಿದ್ದೇನೆ. ಬೇಸರವಾದರೆ ಆಗಲಿ.

ಅಮ್ಮನ ಊಟ ರೂಮಿಗೆ ಯಾಕೆ ಹೋಗುತ್ತದೆ? "ನಾನೇ ಕೇಳಿಕೊಂಡೆ" ಎಂದು ಬರೆದಿದ್ದಾಳೆ, ಯಾರೋ ಪಕ್ಕದಲ್ಲಿ ನಿಂತು ಬರೆಸಿದ ಹಾಗೆ. ನೂರಮೂರು ಡಿಗ್ರಿ ಜ್ವರವಿದ್ದಾಗಲೂ ಮೇಜಿನ ತುದಿಯ ಕುರ್ಚಿ ಬಿಟ್ಟುಕೊಡದವಳು ಆಕೆ. ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವಳು, ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು. ಈಗ ಫೋನಿಲ್ಲ, ಮೇಜಿಲ್ಲ, ಮಾತಿಲ್ಲ. ಆರು ಕೆಜಿ ಇಳಿದಿದ್ದಾಳೆ ಎಂದು ಅಣ್ಣನೇ ಹೇಳಿದ. ಒಳಗೆ ಎಲ್ಲೂ ಸೋರುತ್ತಿಲ್ಲ ಎಂದರೆ ಹೊರಗಿನಿಂದ ಒಳಗೆ ಹೋಗುತ್ತಿಲ್ಲ ಎಂದೇ ಅಲ್ಲವೇ?

ನಾನು ಡಾಕ್ಟರಲ್ಲ, ಹಲ್ಲು ಕಟ್ಟುವವಳು. ಆದರೆ ಒಂದು ಸೆಟ್ ಬಾಯಿಗೆ ಕೂರದಿದ್ದರೆ ತಪ್ಪಾದದ್ದು ಅಚ್ಚಿನಲ್ಲೋ, ಮೇಣದಲ್ಲೋ, ಬೇಯಿಸಿದ್ದರಲ್ಲೋ ಎಂದು ಒಂದೊಂದಾಗಿ ಹುಡುಕಿ ಹಿಡಿಯುವುದೇ ನನ್ನ ಕೆಲಸ. ಇಲ್ಲೂ ಹಿಡಿಯುತ್ತೇನೆ.

ನಿಮ್ಮ ನಾದಿನಿ


ಫೆಬ್ರವರಿ 20

ನಾದಿನಿಗೆ,

ನಿನ್ನ ಕಾಗದ ತಲುಪಿತು. ಅದಕ್ಕೂ ಮೇಣ ಹಚ್ಚಿದ್ದೀಯ, ನನ್ನಿಂದ ನನ್ನ ಕಾಗದವನ್ನೇ ಕಾಪಾಡಲು! ಲೈಬ್ರರಿಯಲ್ಲಿ ದಿನಕ್ಕೆ ನೂರು ಪುಸ್ತಕ ತೆರೆದು, ನೋಡಿ, ಪಟ್ಟಿ ಮಾಡಿ ಮುಚ್ಚುವವಳು ನಾನು. ಅತ್ತೆಯ ಕಾಗದ ಕದ್ದು ಓದುವಷ್ಟು ಬಿಡುವು ನನಗಿಲ್ಲ.

ರೂಮಿನ ಊಟ ಅವರದೇ ಹಟ. ಬಾಗಿಲಿಗೆ ಚಿಲಕ ಹಾಕಿಕೊಂಡು ತಿನ್ನುತ್ತಾರೆ. "ಯಾಕತ್ತೆ, ನನ್ನ ಮುಖ ನೋಡಿದ್ರೆ ಊಟ ಸೇರಲ್ವಾ?" ಅಂತ ಒಮ್ಮೆ ಕೇಳಿಯೇಬಿಟ್ಟೆ. "ನಿನ್ನ ಮುಖಕ್ಕೇನಾಗಿದೆ, ಚೆನ್ನಾಗೇ ಇದೆ, ಹೋಗು" ಅಂದರು. ನಿನ್ನ ಫೋನ್ ಬಂದರೆ ದೂರದಿಂದಲೇ ಕೈಸನ್ನೆ ಮಾಡುತ್ತಾರೆ, ಇಲ್ಲ ಅನ್ನು ಅಂತ. ಅವರಿಗಾಗಿ ನಾನು ಸುಳ್ಳು ಹೇಳಬೇಕು, ನೀನು ನನ್ನನ್ನು ಸುಳ್ಳಿ ಅನ್ನಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅನುಮಾನ ಪಡುವುದು ನಿನಗೊಬ್ಬಳಿಗೇ ಬರುತ್ತದೆ ಅಂದುಕೊಳ್ಳಬೇಡ. ಪ್ರತಿ ಮಂಗಳವಾರ ನಾನು ಕೆಲಸಕ್ಕೆ ಹೊರಟ ಮೇಲೆ ಅತ್ತೆ ಹೊರಗೆ ಹೋಗುತ್ತಾರೆ. ಏನನ್ನೋ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಬಸ್ ನಿಲ್ದಾಣದ ಕಸದ ತೊಟ್ಟಿಗೆ ಹಾಕುತ್ತಾರೆ. ಎದುರುಮನೆಯ ಟೈಲರಮ್ಮ ಎರಡು ಸಲ ನೋಡಿದ್ದಾರೆ. ಬರುವಾಗ ಕೈಯಲ್ಲಿ ಔಷಧದಂಗಡಿಯ ಪೊಟ್ಟಣ. ಕೇಳಿದರೆ "ಕೆಮ್ಮಿನ ಗುಳಿಗೆ ಕಣೇ" ಅನ್ನುತ್ತಾರೆ. ನಮಗಾರಿಗೂ ತಿಳಿಯದ ಔಷಧವೊಂದನ್ನು ಅವರು ತೆಗೆದುಕೊಳ್ಳುತ್ತಿದ್ದಾರೆ. ಯಾರು ಹೇಳಿಕೊಟ್ಟರು? ನೀನಲ್ಲ ತಾನೇ?

ನಿನ್ನ ಅತ್ತಿಗೆ


ಮಾರ್ಚ್ 3

ಅಮ್ಮಾ,

ಮಂಗಳವಾರ ಎಲ್ಲಿಗೆ ಹೋಗುತ್ತೀಯ? ಕರವಸ್ತ್ರದಲ್ಲಿ ಏನಿರುತ್ತದೆ? ಅತ್ತಿಗೆ ಬರೆದಿದ್ದಾರೆ. ನನಗೆ ಅದರಲ್ಲಿ ಅರ್ಧ ನಂಬಿಕೆಯಿಲ್ಲ. ತನ್ನ ಮೇಲಿನ ಮಾತನ್ನು ಬೇರೆಡೆಗೆ ತಿರುಗಿಸಲು ಟೈಲರಮ್ಮನ ಸಾಕ್ಷಿಯನ್ನೂ ಎಳೆದು ತಂದಿದ್ದಾರೆ.

ಕಸಕ್ಕೆ ಹಾಕುವುದು ತಿನ್ನಲಾಗದ ಊಟವೇ? ಹಳಸಿದ್ದು ಕೊಡುತ್ತಾರೆಯೇ? ಹೇಳಲು ಹೆದರಿಕೆಯೇ?

ಒಂದು ಕೆಲಸ ಮಾಡು. ನಿನಗೆ ದಿನಾ ಕೊಡುವ ಕಬ್ಬಿಣದ ಮಾತ್ರೆ ಎರಡನ್ನು ಈ ಜೊತೆಗಿಟ್ಟ ಲಕೋಟೆಯಲ್ಲಿ ಹಾಕಿ ಕಳಿಸು. ಅದು ಕಬ್ಬಿಣದ್ದೋ ಸುಣ್ಣದ್ದೋ ಇಲ್ಲಿ ತೋರಿಸಿ ತಿಳಿದುಕೊಳ್ಳುತ್ತೇನೆ. ಅತ್ತಿಗೆಗೆ ಹೇಳಬೇಡ.

ನಿನ್ನ ಮಗಳು


ಮಾರ್ಚ್ 15

ಪತ್ತೇದಾರಿಗೆ,

ಇಗೋ, ಎರಡು ಮಾತ್ರೆ. ಕಪ್ಪಗಿವೆ, ನುಂಗಿದ ಮೇಲೂ ನಾಲಿಗೆಯಲ್ಲಿ ಹಳೆಯ ಬೀಗದ ರುಚಿ. ಸುಣ್ಣವಾಗಿದ್ದರೆ ಚೆನ್ನಾಗಿರುತ್ತಿತ್ತು.

ಮಂಗಳವಾರದ್ದು ಏನೂ ಇಲ್ಲ, ಕಾಲಾಡಿಸಲು ಹೋಗುತ್ತಿದ್ದೆ. ಈಗ ಅದೂ ನಿಂತಿದೆ. ಹದಿನೈದು ದಿನದಿಂದ ಪಾದ ನನ್ನದಲ್ಲ ಅನ್ನಿಸುತ್ತದೆ. ಜೋಮು ಹಿಡಿದದ್ದು ಬಿಡುವುದೇ ಇಲ್ಲ. ಕತ್ತಲಲ್ಲಿ ಕಾಲೂರಿದರೆ ನೆಲ ಎಲ್ಲಿದೆ ಎಂದು ತಿಳಿಯುವುದಿಲ್ಲ. ಮೊನ್ನೆ ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದೆ. ಹೆದರಬೇಡ, ಎಲುಬು ಗಟ್ಟಿ, ಬಕೆಟ್ಟೇ ಒಡೆದದ್ದು.

ಡಾಕ್ಟರಿಗೆ ಈಗ ಕೆಂಪು ರಕ್ತ ಸಾಲದು, ಬಿಳಿ ಕಣವೂ ಕಡಿಮೆಯಾಗಿದೆಯಂತೆ. ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಬೇಕು ಅಂದರು. ಅದರಲ್ಲಿ ಏನು ಹುಡುಕುತ್ತಾರೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಎಪ್ಪತ್ತೆರಡು ವರ್ಷವಾಯಿತು, ಬಂದದ್ದು ಬರಲಿ. ಆದರೆ ರಾತ್ರಿ ಒಬ್ಬಳೇ ಇರುವಾಗ ಭಯವಾಗುತ್ತದೆ.

ನಿನ್ನ ಅತ್ತಿಗೆಯ ವಿಷಯ ನಾನೇನೂ ಬರೆಯುವುದಿಲ್ಲ. ಕೊಟ್ಟಷ್ಟು ತಿನ್ನುತ್ತೇನೆ.

ಅಮ್ಮ


ಮಾರ್ಚ್ 27

ಅತ್ತಿಗೆ,

ಮಾತ್ರೆ ಸಾಚಾ ಇದೆ. ತರಿಸಿ ತೋರಿಸಿದೆ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

"ಕೊಟ್ಟಷ್ಟು ತಿನ್ನುತ್ತೇನೆ" ಎಂದು ಅಮ್ಮ ಬರೆದಿದ್ದಾಳೆ. ಈ ಮಾತು ನನ್ನ ನಿದ್ದೆ ಕೆಡಿಸಿದೆ. ಎಷ್ಟು ಕೊಡುತ್ತೀರಿ? ಒಂದು ವಾರ ಅವಳ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆದಿಡಿ. ಊಟ, ನೀರು, ಮಾತ್ರೆ, ಏನೇ ಇರಲಿ. ಪಟ್ಟಿ ಮಾಡುವುದು ನಿಮ್ಮ ಕಸುಬೇ ತಾನೇ. ಮಜ್ಜೆ ಪರೀಕ್ಷೆ ಏಪ್ರಿಲ್ ಇಪ್ಪತ್ತಕ್ಕೆ ಇದೆ. ಅದಕ್ಕೆ ಮೊದಲು ಅದು ನನ್ನ ಕೈಯಲ್ಲಿರಬೇಕು. ಒಂದು ತುತ್ತು ಹೆಚ್ಚು ಬರೆದರೂ ನನಗೆ ತಿಳಿಯುತ್ತದೆ.

ನಾದಿನಿ


ಏಪ್ರಿಲ್ 8

ನಾದಿನಿಗೆ,

ನೀನು ಕೇಳಿದ ಪಟ್ಟಿ. ನಿನ್ನ ಅಣ್ಣನ ಎದುರು ಬರೆದೆ, ಅವರ ಸಹಿಯೂ ಇದೆ. ಕೋರ್ಟಿಗೆ ಬೇಕಾದರೂ ಕೊಡು.

ಬೆಳಿಗ್ಗೆ ಹಾಲು ಒಂದು ಲೋಟ, ಹಾಲಲ್ಲಿ ನೆನೆಸಿದ ಬ್ರೆಡ್ ಎರಡು. ಹತ್ತು ಗಂಟೆಗೆ ಬಾಳೆಹಣ್ಣು. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನ, ಹಿಸುಕಿದ ಸೊಪ್ಪು, ಮೊಟ್ಟೆ. ಕೊಟ್ಟಿದ್ದರಲ್ಲಿ ಮುಕ್ಕಾಲು ತಿನ್ನುತ್ತಾರೆ. ಸೇಬು ಕೊಟ್ಟರೆ ಹಾಗೇ ವಾಪಸ್ಸು. ರೊಟ್ಟಿ ವಾಪಸ್ಸು. ಕಡಲೆಬೀಜ ಮುಟ್ಟುವುದೇ ಇಲ್ಲ. ರಾತ್ರಿ ಗಂಜಿ. ಕಬ್ಬಿಣದ ಮಾತ್ರೆ ಎರಡು ಹೊತ್ತು, ನನ್ನ ಕಣ್ಣೆದುರಿಗೇ. ದಿನದಿನದ ಅಳತೆ ಹಿಂದಿನ ಹಾಳೆಯಲ್ಲಿದೆ.

ಇನ್ನೊಂದನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ ತಿಳಿಯಲಿಲ್ಲ. ಐದನೆಯ ದಿನ ಅತ್ತೆ ಮಂಚದಿಂದ ಏಳುವಾಗ ಚಪ್ಪಲಿ ಮಂಚದ ಕೆಳಗೆ ಜಾರಿತು. ತೆಗೆಯಲು ಬಗ್ಗಿದರೆ ಅಲ್ಲಿ ಅವರ ಎಕ್ಸ್‌ಚೇಂಜಿನ ಹಳೆಯ ಹೆಡ್‌ಫೋನಿನ ಪೆಟ್ಟಿಗೆ ಇತ್ತು. ಹೆಡ್‌ಫೋನಿನ ಜಾಗದಲ್ಲಿ ಪೂರ್ತಿ ಹಿಂಡಿ ಸುರುಳಿ ಸುತ್ತಿದ ಟ್ಯೂಬುಗಳು, ಹದಿನೇಳು. ಮೊದಲೇ ತಂದು ಕೂಡಿಟ್ಟದ್ದಿರಬೇಕು, ಒಡೆಯದ್ದು ಇನ್ನೂ ಒಂಬತ್ತು. ಕಟ್ಟಿಸಿಕೊಂಡ ಹಲ್ಲು ಜಾರದಂತೆ ಹಚ್ಚುವ ಅಂಟು ಎಂದು ಮೇಲೆ ಬರೆದಿದೆ. ಬಸ್ ನಿಲ್ದಾಣದವರೆಗೆ ನಡೆಯಲು ಆಗುತ್ತಿಲ್ಲವಲ್ಲ, ಅದಕ್ಕೇ ಖಾಲಿಯೆಲ್ಲ ಅಲ್ಲೇ ಸೇರಿದೆ. ಅತ್ತೆ ಪೆಟ್ಟಿಗೆ ಕಿತ್ತುಕೊಂಡು, "ಅವಳಿಗೆ ಬರೀಬೇಡ, ನಿನ್ ಕಾಲಿಗೆ ಬೀಳ್ತೀನಿ" ಅಂದರು.

ಅತ್ತೆ ಸೊಸೆಯ ಕಾಲಿಗೆ ಬೀಳುವಂಥದ್ದು ಏನಿದೆ ಅದರಲ್ಲಿ? ನಿನ್ನ ಕಸುಬಿನದು, ನಿನಗೇ ಗೊತ್ತಿರಬೇಕು. ಅವರು ಹೊರಗೆ ಹೋಗುವುದು ನಿಂತ ದಿನದಿಂದ ಲೆಕ್ಕ ಹಾಕಿದೆ, ಎರಡು ದಿನಕ್ಕೊಂದು ಟ್ಯೂಬು ಖಾಲಿಯಾಗುತ್ತದೆ.

ಅತ್ತಿಗೆ


ಏಪ್ರಿಲ್ 13

ಅತ್ತಿಗೆ,

ಬೆಳಿಗ್ಗೆ ಫೋನಿನಲ್ಲಿ ನಾನು ಅಳುತ್ತಾ ಹೇಳಿದ್ದು ನಿಮಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಲೆಂದು ಬರೆದು ಕಳಿಸುತ್ತಿದ್ದೇನೆ.

ನಮ್ಮ ಲ್ಯಾಬಿನ ಕಪಾಟಿನಲ್ಲೂ ಅದೇ ಟ್ಯೂಬ್ ಇದೆ. ಹತ್ತು ವರ್ಷ ಕಣ್ಣೆದುರಿಗಿದ್ದರೂ ಅದರ ಹಿಂಬದಿಯನ್ನು ನಾನು ಓದಿರಲಿಲ್ಲ. ಅದರಲ್ಲಿ ಸತು ಇದೆ. ನಮ್ಮ ದಂತವೈದ್ಯೆಗೆ ನಿಮ್ಮ ಪಟ್ಟಿ ತೋರಿಸಿದೆ. ಒಂದು ಟ್ಯೂಬು ಎಷ್ಟೋ ವಾರ ಬರಬೇಕಾದದ್ದು ಎರಡು ದಿನಕ್ಕೆ ಮುಗಿದರೆ ಅಷ್ಟೂ ಸತು ಹೊಟ್ಟೆಗೆ ಹೋಗುತ್ತದೆಯಂತೆ. ಸತು ಹೆಚ್ಚಾದರೆ ಮೈಗೆ ತಾಮ್ರ ಹತ್ತುವುದಿಲ್ಲ. ತಾಮ್ರವಿಲ್ಲದೆ ರಕ್ತ ಆಗುವುದಿಲ್ಲ, ಬಿಳಿ ಕಣ ಇಳಿಯುತ್ತದೆ, ಕಾಲಿನ ನರ ಕೆಡುತ್ತದೆ. ಕಬ್ಬಿಣ ಎಷ್ಟು ತಿನ್ನಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ರಕ್ತದಲ್ಲಿ ಸತು ಮತ್ತು ತಾಮ್ರ ಎರಡನ್ನೂ ಅಳೆಯಲು ಹೇಳಿ. ಟ್ಯೂಬನ್ನು ಇವತ್ತೇ ನಿಲ್ಲಿಸಿ.

ಇನ್ನು ನನ್ನ ತಪ್ಪು. ಹಲ್ಲು ಕಿತ್ತ ಮೇಲೆ ಒಸಡು ವರ್ಷವರ್ಷವೂ ಕುಗ್ಗುತ್ತದೆ. ಸೆಟ್ ಸಡಿಲವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಒಳಪದರ ಹೊಸದಾಗಿ ಹಾಕಿಸಬೇಕು. ಲ್ಯಾಬಿನಿಂದ ಹೊರಡುವ ಪ್ರತಿ ಡಬ್ಬಿಯ ಮೇಲೂ ಈ ಮಾತಿನ ಚೀಟಿ ಅಂಟಿಸುವವಳು ನಾನೇ. ಅಮ್ಮನ ಡಬ್ಬಿಗೆ ಅಂಟಿಸಲಿಲ್ಲ. ಸ್ವಂತ ಮಗಳು ಕಟ್ಟಿದ್ದಕ್ಕೆ ಚೀಟಿ ಯಾಕೆ ಅಂದುಕೊಂಡೆ. ಆರು ವರ್ಷವೂ ಕೇಳಿದೆ, ನಾನು ಕಟ್ಟಿದ ಹಲ್ಲು ಹೇಗಿದೆ ಅಂತ. ಚೆನ್ನಾಗಿದೆ ಎನ್ನುವ ಒಂದೇ ಉತ್ತರಕ್ಕೆ ಜಾಗ ಬಿಟ್ಟು ಕೇಳಿದೆ.

ಮಾತಾಡಿದರೆ ಹಲ್ಲು ಜಾರುತ್ತಿತ್ತು, ಅದಕ್ಕೆ ಫೋನಿಲ್ಲ. ಅಗಿದರೆ ಜಾರುತ್ತಿತ್ತು, ಅದಕ್ಕೆ ಮೇಜಿಲ್ಲ. ನಾನು ನಿಮ್ಮ ತಲೆಗೆ ಕಟ್ಟಿದ್ದೆಲ್ಲ ನನ್ನ ಕೈಯ ಕೆಲಸ. ದೀಪದ ಕೆಳಗೇ ಕತ್ತಲು ಅತ್ತಿಗೆ. ನನ್ನನ್ನು ಕ್ಷಮಿಸಿ.

ನಿಮ್ಮ ನಾದಿನಿ


ಮೇ 4

ನಾದಿನಿಗೆ,

ರಿಪೋರ್ಟು ಬಂತು. ಸತು ವಿಪರೀತ, ತಾಮ್ರ ಇಲ್ಲವೆನ್ನುವಷ್ಟು. ಡಾಕ್ಟರು ಎರಡು ಸಲ ಓದಿ, ಕನ್ನಡಕ ತೆಗೆದು, "ಇಷ್ಟು ದಿನ ಬಾಯಿ ದಾಟಿ ಹೊಟ್ಟೆಯಲ್ಲೇ ಹುಡುಕ್ತಿದ್ವಲ್ಲ" ಅಂದರು. ಮಜ್ಜೆಯ ಪರೀಕ್ಷೆ ರದ್ದು. ತಾಮ್ರದ ಮಾತ್ರೆ ಶುರುವಾಗಿ ಎರಡು ವಾರವಾಯಿತು. ರಕ್ತ ಏರುತ್ತದಂತೆ, ಅದು ಖಂಡಿತ. ಪಾದದ ಜೋಮು ಪೂರ್ತಿ ಹೋಗುತ್ತದೆ ಎಂದು ಮಾತ್ರ ಅವರು ಮಾತು ಕೊಡಲಿಲ್ಲ.

ಕ್ಷಮೆ ಕೇಳಿದ್ದೀಯ. ನನಗಿನ್ನೂ ಸಿಟ್ಟು ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಅನುಮಾನ ಅಷ್ಟು ಚುಚ್ಚಲಿಲ್ಲ. ನೀನು ದೂರದಲ್ಲಿರುವವಳು, ಕಾಣದ್ದಕ್ಕೆ ಬಣ್ಣ ಹಚ್ಚುತ್ತೀಯ. ಅತ್ತೆ ಹಾಗಲ್ಲ. ನಿನ್ನ ಕಾಗದಗಳೆಲ್ಲ ಅವರ ದಿಂಬಿನ ಕೆಳಗೇ ಇದ್ದವು. ನನ್ನ ಮೇಲೆ ಏನು ಬೀಳುತ್ತಿದೆ ಎಂದು ಅವರಿಗೆ ಗೊತ್ತಿತ್ತು. ನಾನು ದಿನಾ ಅನ್ನ ಹಿಸುಕಿ ಬಾಗಿಲ ತನಕ ಕೊಂಡೊಯ್ಯುತ್ತಿದ್ದೆ. "ಅವಳದೇನೂ ತಪ್ಪಿಲ್ಲ" ಎಂದು ಒಂದು ಸಾಲು ಬರೆಯಲು ಎಷ್ಟು ಶಾಯಿ ಬೇಕಿತ್ತು?

ನಾನು ಅವರನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಅತ್ತಿಗೆ


ಜೂನ್ 16

ಮಗಳೇ,

ಹಿಮೋಗ್ಲೋಬಿನ್ ಹನ್ನೊಂದು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಪಾದ ಮಾತ್ರ ಇನ್ನೂ ಯಾರದೋ. ಕೋಲು ಹಿಡಿದಿದ್ದೇನೆ, ಚೆನ್ನಾಗಿ ಒಪ್ಪುತ್ತದೆ ಅನ್ನುತ್ತಾನೆ ನಿನ್ನ ಅಣ್ಣ.

ಹೊಸ ಹಲ್ಲಿಗೆ ಅಚ್ಚು ತೆಗೆಯಲು ಮುಂದಿನ ವಾರ ಬರುತ್ತೀಯಲ್ಲ, ಅದಕ್ಕೆ ಮೊದಲೇ ಇದನ್ನು ಬರೆದುಬಿಡುತ್ತೇನೆ. ಎದುರಿಗೆ ನಿಂತರೆ ನಾನು ಮತ್ತೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತೇನೆ. ನೀನು ಕಟ್ಟಿದ ಹಲ್ಲು ಮೂರನೇ ವರ್ಷಕ್ಕೇ ಸಡಿಲವಾಯಿತು. ಫೋನಿನಲ್ಲಿ ಮಾತಿನ ನಡುವೆ ಟಕ್ ಅನ್ನುತ್ತಿತ್ತು. ನೀನು ರಜೆ ಹಾಕಿ, ಹನ್ನೊಂದು ದಿನ ಕೂತು, ನನ್ನ ಸಂದು ನೆನಪಿಟ್ಟು ಕಟ್ಟಿದ್ದು. ಅದು ಸರಿಯಿಲ್ಲ ಎಂದು ನಿನಗೆ ಹೇಗೆ ಹೇಳಲಿ? ಮೊದಲು ಒಂದು ಚೂರು ಅಂಟು ಸಾಕಾಗುತ್ತಿತ್ತು. ಆಮೇಲೆ ಇನ್ನಷ್ಟು.

ನೀನು ನಿನ್ನ ಅತ್ತಿಗೆಯನ್ನು ಅನುಮಾನಿಸಿದಾಗ ನನಗೆ ಸಂಕಟವಾಯಿತು. ಆದರೆ ಒಳಗೊಳಗೇ ನೆಮ್ಮದಿಯೂ ಆಯಿತು. ನೀನು ಅತ್ತ ನೋಡುತ್ತಿರುವಷ್ಟು ದಿನ ನನ್ನ ಬಾಯಿಯತ್ತ ನೋಡುವುದಿಲ್ಲವಲ್ಲ ಅಂತ. ಸಕ್ಕರೆ ಡಬ್ಬಿಯ ದಿನ ಮೂಲೆಯಲ್ಲಿ ಮಗನನ್ನು ನಿಲ್ಲಿಸಿದೆ, ಈ ಸಲ ಸೊಸೆಯನ್ನು ನಿಲ್ಲಿಸಿದೆ. ನಿನ್ನ ಅಮ್ಮ ಇಂಥವಳು.

ನಿನ್ನೆ ರಾತ್ರಿ ಹಲ್ಲನ್ನು ಡಬ್ಬಿಯಲ್ಲೇ ಬಿಟ್ಟು, ಕೋಲೂರಿಕೊಂಡು ಹೋಗಿ ಮೇಜಿನ ತುದಿಯ ಕುರ್ಚಿಯಲ್ಲಿ ಕೂತೆ. ಅವಳು ಏನೂ ಕೇಳದೆ ತಟ್ಟೆ ತಂದಿಟ್ಟಳು. ಎರಡು ತುತ್ತು ಆದ ಮೇಲೆ, "ನಿನ್ ಬಗ್ಗೆ ಒಂದು ಸಾಲು ಬರೀಬೇಕಿತ್ತು, ಬರೀಲಿಲ್ಲ. ತಪ್ಪಾಯ್ತು ಕಣೇ" ಅಂದೆ. ಬೊಚ್ಚುಬಾಯಿಯಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ಅವಳು ಚಮಚ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳಿ ಅತ್ತೆ, ಸರಿಯಾಗಿ ಕೇಳಿಸ್ಲಿಲ್ಲ" ಅಂದಳು.

ಕೇಳಿಸಿತ್ತು. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವಳಿಗೆ ಆ ಕಡೆಯವರಿಗೆ ಕೇಳಿಸಿದೆಯೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ಸಲ ಹೇಳಿದೆ, ನಿಧಾನವಾಗಿ, ನಿನ್ನ ಅಣ್ಣನಿಗೂ ಕೇಳಿಸುವ ಹಾಗೆ.

ಭಾನುವಾರ ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ ಅಮ್ಮ